ಗಂಧಕದ ಲೆಕ್ಕ ದಿಢೀರನೆ ಕುಸಿದರೆ: ಜ್ವಾಲಾಮುಖಿಯ ಡೋಆಸ್ ಕೇಂದ್ರದಲ್ಲಿ ದೋಷ ಹುಡುಕುವ ಕ್ರಮ

ಲಕ್ಷಣ ಹೀಗಿರುತ್ತದೆ. ಹಿಂದಿನ ವಾರವಿಡೀ ದಿನಕ್ಕೆ ಎರಡು ಸಾವಿರ ಟನ್ ಆಸುಪಾಸಿನಲ್ಲಿದ್ದ ಸಲ್ಫರ್ ಡೈಆಕ್ಸೈಡ್ ಲೆಕ್ಕ, ಅಂದರೆ ಗಂಧಕದ ಅನಿಲದ ಲೆಕ್ಕ, ಇವತ್ತು ಮುನ್ನೂರಕ್ಕೆ ಬಂದು ಕೂತಿದೆ. ಇದನ್ನು ಅಳೆದದ್ದು ಡೋಆಸ್, ಅಂದರೆ ಅನಿಲ ಹೀರಿದ ಬೆಳಕನ್ನು ನೋಡಿ ಅದರ ಪ್ರಮಾಣ ಕಂಡುಕೊಳ್ಳುವ ವಿಧಾನ. ಕುಳಿಯಿಂದ ಹೊಗೆ ಮಾತ್ರ ಎಂದಿನಂತೆ ಏಳುತ್ತಿದೆ. ಕೆಟ್ಟಿರುವುದು ಯಂತ್ರವೋ, ತಿರುಗಿರುವುದು ಗಾಳಿಯೋ, ಇಲ್ಲಾ ಬೆಟ್ಟದ ಒಳಗೇ ಏನೋ ಬದಲಾಗಿದೆಯೋ?

ಹೊಗೆ ಕಾಣುತ್ತಿದೆ ಎಂಬುದರಿಂದ ಏನನ್ನೂ ತೀರ್ಮಾನಿಸಬೇಡಿ. ಬೆಳ್ಳಗೆ ಕಾಣುವುದು ಬಹುತೇಕ ನೀರಾವಿ ತಣಿದು ಆದ ಹನಿಗಳು. ಸಲ್ಫರ್ ಡೈಆಕ್ಸೈಡಿಗೆ ಬಣ್ಣವಿಲ್ಲ. ಹಾಗೆಯೇ, ಲೆಕ್ಕ ಕುಸಿದ ಕೂಡಲೇ ‘ಯಂತ್ರದ ತೊಂದರೆ’ ಎಂದು ಷರಾ ಬರೆದು ಮುಂದೆ ಹೋಗುವುದು ಇನ್ನೂ ಅಪಾಯಕಾರಿ. ಫಿಲಿಪ್ಪೀನ್ಸ್‌ನ ಪಿನಾಟುಬೊದಲ್ಲಿ 1991ರ ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದ ಅನಿಲ ಮೇ 28ರ ಹೊತ್ತಿಗೆ 5,000 ಟನ್ ಮುಟ್ಟಿತ್ತು. ಜೂನ್ ಮೊದಲ ವಾರದಲ್ಲಿ ಅದು ಕೆಲವೇ ನೂರು ಟನ್ನಿಗೆ ಇಳಿಯಿತು. ಶಿಲಾಪಾಕದ ದಾರಿ ಬಿಗಿದುಕೊಂಡು ಒಳಗೆ ಒತ್ತಡ ಕೂಡುತ್ತಿದೆ ಎಂದು ಆ ಇಳಿಕೆಯನ್ನು ಓದಲಾಯಿತು. ಜೂನ್ 15ರಂದು ಇಪ್ಪತ್ತನೆಯ ಶತಮಾನದ ಎರಡನೆಯ ಅತಿದೊಡ್ಡ ಸ್ಫೋಟ ಅಲ್ಲಿ ನಡೆಯಿತು. ಕೊಲಂಬಿಯಾದ ಗಲೇರಾಸ್ 1993ರ ಜನವರಿ 14ರಂದು ಸಿಡಿದಾಗ ಒಂಬತ್ತು ಮಂದಿ ಸತ್ತರು, ಅವರಲ್ಲಿ ಆರು ಜನ ವಿಜ್ಞಾನಿಗಳು. ಅದಕ್ಕೂ ಮುಂಚೆ ಅಲ್ಲಿ ಅನಿಲದ ಪ್ರಮಾಣ ಕಡಿಮೆಯೇ ಇತ್ತು.

ಆದ್ದರಿಂದ ಇಳಿದ ಲೆಕ್ಕ ಸುಳ್ಳು ಎಂದು ಸಾಬೀತಾಗುವವರೆಗೆ ಅದನ್ನು ನಿಜವೆಂದೇ ಎಣಿಸಿ ತಪಾಸಣೆ ಮಾಡಬೇಕು. ತಪಾಸಣೆ ಶುರುವಾಗಬೇಕಾದದ್ದು ಕಚ್ಚಾ ರೋಹಿತದಿಂದ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬಂತು ಎಂಬ ಮೂಲ ಅಳತೆಯಿಂದ. ಪರದೆಯ ಮೇಲಿನ ಟನ್ನುಗಳ ಗ್ರಾಫನ್ನು ಎಷ್ಟು ಹೊತ್ತು ದಿಟ್ಟಿಸಿದರೂ ದೋಷ ಎಲ್ಲಿದೆ ಎಂದು ಅದು ಹೇಳುವುದಿಲ್ಲ.

ಲೆಕ್ಕ ಹುಟ್ಟುವ ದಾರಿ

ಇಲ್ಲಿ ಹೇಳುತ್ತಿರುವುದು ಜ್ವಾಲಾಮುಖಿಗಳ ಅನಿಲ ಅಳೆಯುವ ನೊವ್ಯಾಕ್ ಜಾಲದಲ್ಲಿ ಬಳಸುವ ಮಾದರಿಯ ಸ್ಕ್ಯಾನಿಂಗ್ ಡೋಆಸ್ ಕೇಂದ್ರದ ಬಗ್ಗೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2005ರಲ್ಲಿ ಆರಂಭವಾದ ಈ ಜಾಲದ ಉಪಕರಣಗಳು ಮೆಕ್ಸಿಕೊದ ಪೊಪೊಕಾಟೆಪೆಟ್ಲ್, ನಿಕರಾಗುವಾದ ಮಸಾಯಾ, ಕಾಂಗೊದ ನೈರಾಗೊಂಗೊ ಮುಂತಾದ ಕಡೆ ಕೆಲಸ ಮಾಡಿವೆ. ಬೆಟ್ಟದಿಂದ ಕೆಲವು ಕಿಲೋಮೀಟರ್ ದೂರದಲ್ಲಿ, ಹೊಗೆ ಹಾದುಹೋಗುವ ದಿಕ್ಕಿನಲ್ಲಿ ಒಂದು ಪೆಟ್ಟಿಗೆ ಕೂತಿರುತ್ತದೆ. ಮೋಟಾರು ತಿರುಗಿಸುವ ಕನ್ನಡಿಯೋ ಪ್ರಿಸಮ್ಮೋ ಆಕಾಶವನ್ನು ಒಂದು ದಿಗಂತದಿಂದ ಇನ್ನೊಂದು ದಿಗಂತದವರೆಗೆ ಹೆಜ್ಜೆ ಹೆಜ್ಜೆಯಾಗಿ ನೋಡುತ್ತಾ ಹೋಗುತ್ತದೆ. ಬೆಳಕು ಆಪ್ಟಿಕಲ್ ಫೈಬರ್ ಮೂಲಕ ಅಂಗೈ ಅಗಲದ ರೋಹಿತಮಾಪಕಕ್ಕೆ ಇಳಿಯುತ್ತದೆ. ದೀಪ ಬೇಕಿಲ್ಲ, ಆಕಾಶದಲ್ಲಿ ಚದುರಿದ ಬಿಸಿಲೇ ದೀಪ.

ಸಲ್ಫರ್ ಡೈಆಕ್ಸೈಡ್ ಸುಮಾರು 300ರಿಂದ 325 ನ್ಯಾನೋಮೀಟರ್ ನಡುವಿನ ನೇರಳಾತೀತ ಬೆಳಕನ್ನು ಏರಿಳಿತದ ಪಟ್ಟಿಗಳಾಗಿ ಹೀರುತ್ತದೆ. ಆ ಏರಿಳಿತವೇ ಅದರ ಗುರುತು. ಹೊಗೆಯ ಕೆಳಗಿನ ರೋಹಿತವನ್ನು ಶುಭ್ರ ಆಕಾಶದ ರೋಹಿತದಿಂದ ಭಾಗಿಸಿ, ಪ್ರಯೋಗಾಲಯದಲ್ಲಿ ಅಳೆದ ಹೀರಿಕೆಯ ಗೆರೆಯನ್ನು ಅದಕ್ಕೆ ಫಿಟ್ ಮಾಡಿದರೆ, ಅಂದರೆ ಹೊಂದಿಸಿ ಕೂರಿಸಿದರೆ, ಪ್ರತಿ ಕೋನದಲ್ಲೂ ಎಷ್ಟು ಅನಿಲವಿದೆ ಎಂಬ ಕಾಲಮ್ ಪ್ರಮಾಣ ಸಿಗುತ್ತದೆ. ಅವನ್ನೆಲ್ಲ ಹೊಗೆಯ ಅಗಲದುದ್ದಕ್ಕೂ ಕೂಡಿಸಿ ಗಾಳಿಯ ವೇಗದಿಂದ ಗುಣಿಸಿದರೆ ಹರಿವು. ಅಂದರೆ ಟನ್ನುಗಳ ಆ ಒಂದು ಅಂಕಿಯ ಹಿಂದೆ ಬೆಳಕು, ತರಂಗಾಂತರ, ಫಿಟ್, ಕೋನ, ಹೊಗೆಯ ಎತ್ತರ, ಗಾಳಿ ಎಲ್ಲವೂ ಸಾಲಾಗಿ ನಿಂತಿವೆ. ಹುಡುಕಾಟವೂ ಇದೇ ಸಾಲಿನಲ್ಲಿ ನಡೆಯಲಿ.

ಮೊದಲು ಬೆಳಕು

ಮಧ್ಯಾಹ್ನದ ಹೊತ್ತಿನ, ನೆತ್ತಿಯ ಕಡೆ ನೋಡಿದ ಒಂದು ರೋಹಿತ ತೆರೆಯಿರಿ. ಲೆಕ್ಕ ಸರಿಯಿದ್ದ ದಿನದ, ಅದೇ ಹೊತ್ತಿನ ರೋಹಿತವನ್ನು ಅದರ ಮೇಲಿಟ್ಟು ನೋಡಿ. ಅರ್ಧಕ್ಕರ್ಧ ದೋಷಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಎಲ್ಲ ತರಂಗಾಂತರಗಳಲ್ಲೂ ಬೆಳಕು ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಕಿಟಕಿಯ ಮೇಲೆ ಬೂದಿ ಕೂತಿದೆ, ಜೇಡ ಬಲೆ ಕಟ್ಟಿದೆ, ಅಥವಾ ಫೈಬರಿನ ಜೋಡಣೆ ಸಡಿಲವಾಗಿದೆ. ಬೂದಿಯನ್ನು ಒಣಬಟ್ಟೆಯಿಂದ ಉಜ್ಜಬೇಡಿ. ಜ್ವಾಲಾಮುಖಿಯ ಬೂದಿ ಎಂದರೆ ಚೂಪಾದ ಗಾಜಿನ ಮತ್ತು ಖನಿಜದ ಚೂರುಗಳು, ಕಿಟಕಿಯನ್ನು ಗೀಚಿಹಾಕುತ್ತವೆ. ಮೊದಲು ಊದಿ, ಆಮೇಲೆ ನೀರು ಹರಿಸಿ ತೊಳೆಯಿರಿ. ತಂತ್ರಾಂಶ ತಾನಾಗಿಯೇ ಎಕ್ಸ್‌ಪೋಶರ್ ಹೊಂದಿಸುವಂಥದ್ದಾದರೆ ರೋಹಿತದ ಎತ್ತರ ಮಾಮೂಲಿನಂತೆಯೇ ಕಾಣುತ್ತದೆ. ಆಗ ಎಕ್ಸ್‌ಪೋಶರ್ ಅವಧಿ ಹಿಂದಿಗಿಂತ ಎಷ್ಟು ಹೆಚ್ಚಿದೆ ಎಂಬುದೇ ಸುಳಿವು.

ಉದ್ದ ತರಂಗಾಂತರದ ಕಡೆ ಬೆಳಕು ಸರಿಯಾಗಿದ್ದು 310 ನ್ಯಾನೋಮೀಟರಿನ ಸುತ್ತ ಮಾತ್ರ ಸತ್ತಂತಿದ್ದರೆ ಯಾರಾದರೂ ಇತ್ತೀಚೆಗೆ ಕಿಟಕಿ ಬದಲಿಸಿದ್ದಾರೆಯೇ ಎಂದು ಕೇಳಿ. ಅಲ್ಲಿರಬೇಕಾದದ್ದು ಕ್ವಾರ್ಟ್ಜ್. ಒಡೆದ ಕಿಟಕಿಗೆ ಮಾಮೂಲಿ ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ಕೂರಿಸಿದರೆ ಕಣ್ಣಿಗೆ ಎರಡೂ ಸಮಾನ ಪಾರದರ್ಶಕ. ಆದರೆ ಗಂಧಕದ ಗುರುತು ಇರುವ ಭಾಗದ ಬೆಳಕನ್ನೇ ಅದು ನುಂಗಿಬಿಡುತ್ತದೆ.

ಬೆಳಕು ಹೆಚ್ಚಾದರೂ ಕೆಡುಕೇ. 12 ಬಿಟ್‌ನ ಹಳೆಯ ರೋಹಿತಮಾಪಕಗಳು 4095ರಲ್ಲಿ, 16 ಬಿಟ್‌ನವು 65,535ರಲ್ಲಿ ತುಂಬಿಹೋಗುತ್ತವೆ. ಅಲ್ಲಿಂದಾಚೆ ರೋಹಿತದ ತಲೆ ಚಪ್ಪಟೆಯಾಗಿ, ಹೀರಿಕೆಯ ಏರಿಳಿತ ಅಳಿಸಿಹೋಗುತ್ತದೆ. ಹಲವು ಎಕ್ಸ್‌ಪೋಶರ್‌ಗಳನ್ನು ಕೂಡಿಸಿ ಒಂದೇ ಫೈಲಾಗಿ ಉಳಿಸುವ ಕೇಂದ್ರವಾದರೆ, ಕೂಡಿಸಿದ ಸಂಖ್ಯೆಯಿಂದ ಭಾಗಿಸಿದ ಮೇಲೆಯೇ ಈ ಮಿತಿಗೆ ಹೋಲಿಸಿ.

ಇನ್ನೊಂದು ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿದ್ದೇನೆ. ಕತ್ತಲ ರೋಹಿತವನ್ನು, ಅಂದರೆ ಬೆಳಕು ಮುಚ್ಚಿ ತೆಗೆದದ್ದನ್ನು, ಕಳೆದ ಮೇಲೆ 290 ನ್ಯಾನೋಮೀಟರ್‌ಗಿಂತ ಕೆಳಗೆ ಏನು ಉಳಿದಿದೆ ನೋಡಿ. ಆ ಭಾಗದ ಬಿಸಿಲನ್ನು ಓಝೋನ್ ಪದರ ಮೇಲೆಯೇ ತಡೆಯುವುದರಿಂದ ಅಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಪೆಟ್ಟಿಗೆಯೊಳಗೆ ಅಡ್ಡಾಡುವ ಬೆಳಕು ಸೇರಿಕೊಂಡಿದೆ, ಇಲ್ಲವೇ ಕತ್ತಲ ರೋಹಿತ ಹಳೆಯದಾಗಿದೆ. ಈ ಸುಳ್ಳು ಬೆಳಕು 310ರ ಸುತ್ತಲೂ ಇದ್ದೇ ಇರುತ್ತದೆ. ಅಲ್ಲಿ ನಿಜವಾದ ಬೆಳಕೇ ಕಡಿಮೆ ಇರುವುದರಿಂದ ಗಂಧಕ ಕೊರೆದ ತಗ್ಗುಗಳನ್ನು ಅದು ತುಂಬಿಬಿಡುತ್ತದೆ. ಲೆಕ್ಕ ಕೆಳಗಿಳಿಯುತ್ತದೆ. ಮುಂಭಾಗದ ನೇರಳಾತೀತ ಶೋಧಕವನ್ನು ಯಾರೋ ತೊಳೆಯಲು ತೆಗೆದು ಮರಳಿ ಹಾಕದೇ ಇರುವುದು ಇದಕ್ಕೆ ಸಾಮಾನ್ಯ ಕಾರಣ. ಮಸೂರಕ್ಕೆ ಕಪ್ಪು ಮುಚ್ಚಳ ಹಾಕಿ, ಅದೇ ಎಕ್ಸ್‌ಪೋಶರ್‌ನಲ್ಲಿ, ಅದೇ ತಾಪಮಾನದಲ್ಲಿ ಹೊಸ ಕತ್ತಲ ರೋಹಿತ ತೆಗೆದು ಮತ್ತೆ ಲೆಕ್ಕ ಹಾಕಿ.

ತರಂಗಾಂತರ ಜಾರಿದರೆ

ಬಿಸಿಲಿಗೆ ಪೆಟ್ಟಿಗೆ ಕಾದಾಗ, ರಾತ್ರಿ ತಣ್ಣಗಾದಾಗ ರೋಹಿತಮಾಪಕದ ಒಳಭಾಗ ಹಿಗ್ಗಿ ಕುಗ್ಗುತ್ತದೆ. ಯಾವ ಪಿಕ್ಸೆಲ್ ಯಾವ ತರಂಗಾಂತರ ಎಂಬ ಲೆಕ್ಕ ಅಷ್ಟರ ಮಟ್ಟಿಗೆ ಸರಿಯುತ್ತದೆ. ಇದನ್ನು ಅಳೆಯಲು ಸೂರ್ಯನೇ ಗುರುತು ಹಾಕಿಕೊಟ್ಟಿದ್ದಾನೆ. ಬಿಸಿಲಿನ ರೋಹಿತದಲ್ಲಿ ಕ್ಯಾಲ್ಸಿಯಮ್ಮಿನ ಎರಡು ಆಳವಾದ ಕಪ್ಪು ರೇಖೆಗಳು 393.4 ಮತ್ತು 396.8 ನ್ಯಾನೋಮೀಟರಿನಲ್ಲಿ ಇರುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯ ಸೂರ್ಯನ ಚಿತ್ರಗಳನ್ನು ದಶಕಗಟ್ಟಲೆ ತೆಗೆದದ್ದು ಇವುಗಳಲ್ಲಿ ಮೊದಲನೆಯ ರೇಖೆಯಲ್ಲೇ. ಆ ಜೋಡಿ ಯಾವ ಪಿಕ್ಸೆಲ್‌ನಲ್ಲಿ ಕೂತಿದೆ ಎಂದು ಹಳೆಯ ಮತ್ತು ಹೊಸ ಫೈಲುಗಳಲ್ಲಿ ನೋಡಿ. ಒಂದೆರಡು ಪಿಕ್ಸೆಲ್ ಸರಿದಿದ್ದರೆ ಫಿಟ್ ತಂತ್ರಾಂಶದಲ್ಲಿ ಸರಿತವನ್ನು ಮುಕ್ತವಾಗಿ ಬಿಟ್ಟು ಮರುಲೆಕ್ಕ ಹಾಕಬಹುದು. ಸರಿತ ಬೆಳಿಗ್ಗೆಯಿಂದ ಸಂಜೆಗೆ ಅಲೆಯಂತೆ ಏರಿಳಿದರೆ ತಾಪಮಾನವೇ ಕಾರಣ. ಪೆಟ್ಟಿಗೆಗೆ ನೆರಳು ಮಾಡಿ.

ಒಂದು ದಿನ ಇದ್ದಕ್ಕಿದ್ದಂತೆ ನೆಗೆದು ಅಲ್ಲೇ ನಿಂತಿದ್ದರೆ ಉಪಕರಣಕ್ಕೆ ಪೆಟ್ಟು ಬಿದ್ದಿದೆ. ಆಗ ಪಾದರಸದ ದೀಪ ಬೇಕು. ಅದರ 302.15 ನ್ಯಾನೋಮೀಟರ್ ರೇಖೆ ಒಂಟಿಯಾಗಿ ನಿಲ್ಲುವುದರಿಂದ ಅದರ ಸ್ಥಾನ, ಅಗಲ, ಆಕಾರ ಮೂರನ್ನೂ ಓದಬಹುದು. ರೇಖೆ ಅಗಲವಾಗಿದ್ದರೆ ಅಥವಾ ಒಂದು ಬದಿಗೆ ವಾಲಿದ್ದರೆ ಪ್ರಯೋಗಾಲಯದ ಹೀರಿಕೆಯ ಗೆರೆಗಳನ್ನು ಹೊಸ ಆಕಾರಕ್ಕೆ ತಕ್ಕಂತೆ ಮತ್ತೆ ಸಿದ್ಧಪಡಿಸಬೇಕು. ಹಳೆಯ ಗೆರೆಗಳನ್ನೇ ಇಟ್ಟುಕೊಂಡರೆ ಫಿಟ್ ಎಂದೂ ಕೂಡಿಬರುವುದಿಲ್ಲ. ಪಾದರಸದ ದೀಪವನ್ನು ಬರಿಗಣ್ಣಿಂದ ನೋಡಬೇಡಿ. ನೇರಳಾತೀತ ತಡೆಯುವ ಕನ್ನಡಕ ಹಾಕಿಕೊಳ್ಳಿ.

ಇಲ್ಲಿಯವರೆಗಿನದು ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಲು, ಗೊತ್ತಿರುವ ಪ್ರಮಾಣದ ಅನಿಲ ತುಂಬಿದ ಕ್ವಾರ್ಟ್ಜ್ ಕೋಶವನ್ನು ಶುಭ್ರ ಆಕಾಶದ ಕೆಳಗೆ ಮಸೂರದ ಮುಂದೆ ಹಿಡಿಯಿರಿ. ಕೋಶದ ಮೇಲೆ ಬರೆದಷ್ಟೇ ಉತ್ತರ ಬಂದರೆ ದೃಗುಪಕರಣ, ತರಂಗಾಂತರ, ಫಿಟ್ ಮೂರೂ ಪಾಸು. ಮುಂದೆ ಹೇಳುವ ಬೆಳಕಿನ ಕಲಬೆರಕೆಯನ್ನು ಮಾತ್ರ ಈ ಪರೀಕ್ಷೆ ಹಿಡಿಯಲಾರದು.

ಫಿಟ್‌ನ ಉಳಿಕೆ ಏನು ಹೇಳುತ್ತದೆ

ಫಿಟ್ ಆದ ಮೇಲೆ ಉಳಿಯುವ ಗೆರೆ ಬರೀ ಗದ್ದಲದಂತೆ ಕಾಣಬೇಕು. ಅದರಲ್ಲಿ ನಿಯತವಾದ ಹಲ್ಲುಗಳು ಕಂಡರೆ ಏನೋ ಬಿಟ್ಟುಹೋಗಿದೆ. ಹಲ್ಲುಗಳು ಸೂರ್ಯನ ಫ್ರೌನ್‌ಹೋಫರ್ ರೇಖೆಗಳ ಜಾಗದಲ್ಲೇ ಇದ್ದರೆ ರಿಂಗ್ ಪರಿಣಾಮದ ರೋಹಿತವನ್ನು ಫಿಟ್‌ಗೆ ಸೇರಿಸಿದ್ದೀರಾ ನೋಡಿ. ಗಾಳಿಯ ಸಾರಜನಕ, ಆಮ್ಲಜನಕದ ಅಣುಗಳಲ್ಲಿ ಬೆಳಕು ರಾಮನ್ ಚದುರಿಕೆಗೆ ಒಳಗಾಗಿ ಬೇರೆ ತರಂಗಾಂತರಕ್ಕೆ ಜಿಗಿದು ಸೂರ್ಯನ ಆ ಕಪ್ಪು ರೇಖೆಗಳನ್ನು ಸ್ವಲ್ಪ ತುಂಬುತ್ತದೆ. ಇದೇ ರಿಂಗ್ ಪರಿಣಾಮ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ವಿದ್ಯಮಾನ ಪ್ರತಿ ಜ್ವಾಲಾಮುಖಿ ಕೇಂದ್ರದ ಲೆಕ್ಕದಲ್ಲೂ ಒಂದು ಸಾಲಾಗಿ ಕೂತಿದೆ, ಅದನ್ನು ಬಿಟ್ಟರೆ ಮೋಡ ಬಂದು ಹೋದಾಗಲೆಲ್ಲ ಗಂಧಕದ ಲೆಕ್ಕ ಸುಮ್ಮನೆ ಕುಣಿಯುತ್ತದೆ.

ಬೆಳಿಗ್ಗೆ ಬೇಗ ಮತ್ತು ಸಂಜೆ ತಡವಾಗಿ ಲೆಕ್ಕ ಹದಗೆಡುತ್ತಿದ್ದರೆ ಬೆಟ್ಟವನ್ನು ಅನುಮಾನಿಸಬೇಡಿ. ಸೂರ್ಯ ತಗ್ಗಿದಾಗ ಬೆಳಕು ಓಝೋನಿನಲ್ಲಿ ಓರೆಯಾಗಿ ಬಹುದೂರ ಹಾಯಬೇಕು. 310ರ ಸುತ್ತ ಉಳಿಯುವುದು ಅಲ್ಪ. ಆ ಹೊತ್ತಿನ ಸ್ಕ್ಯಾನುಗಳನ್ನು ಕೈಬಿಡಿ.

ಈಗ ಆಧಾರ ರೋಹಿತ. ಇದು ಬಹಳ ಮಂದಿಗೆ ಹೊಳೆಯದ ದೋಷ. ಸ್ಕ್ಯಾನಿನೊಳಗೇ ಅತಿ ಕಡಿಮೆ ಅನಿಲ ಕಂಡ ಭಾಗವನ್ನು ಶುಭ್ರ ಆಕಾಶ ಎಂದು ಎಣಿಸಿ ತಂತ್ರಾಂಶ ಅದನ್ನು ಉಳಿದೆಲ್ಲದರಿಂದ ಕಳೆಯುತ್ತದೆ. ಹೊಗೆ ಇಡೀ ಆಕಾಶಕ್ಕೆ ಹರಡಿಕೊಂಡಿದ್ದರೆ ಶುಭ್ರ ಎನ್ನುವ ಜಾಗವೇ ಇರುವುದಿಲ್ಲ. ಆಗ ನಿಜವಾದ ಅನಿಲವನ್ನೇ ನಾವು ಕಳೆದುಹಾಕುತ್ತೇವೆ. ಯಂತ್ರ ಸರಿ, ಫಿಟ್ ಸರಿ, ಉಳಿಕೆ ಸ್ವಚ್ಛ, ಉತ್ತರ ಮಾತ್ರ ತಪ್ಪು. ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಮತ್ತು ಈಕ್ವೆಡಾರಿನ ತುಂಗುರಾಹುವಾದ ಹಳೆಯ ದತ್ತಾಂಶಗಳನ್ನು ಮರುಪರಿಶೀಲಿಸಿದಾಗ ಇಂಥ ಕಲುಷಿತ ಆಧಾರಗಳು ಸಿಕ್ಕಿವೆ. ಪರೀಕ್ಷಿಸುವ ಬಗೆ: ಗಾಳಿ ಬೇರೆ ಕಡೆ ಇದ್ದ, ತಾಪಮಾನ ಹೆಚ್ಚುಕಮ್ಮಿ ಇವತ್ತಿನಷ್ಟೇ ಇದ್ದ ದಿನದ ಶುಭ್ರ ರೋಹಿತವನ್ನು ಆಧಾರವಾಗಿ ಹಾಕಿ ನೋಡಿ; ಅಥವಾ ಸೂರ್ಯನ ಸೂಕ್ಷ್ಮ ರೋಹಿತದ ಅಟ್ಲಾಸ್ ಬಳಸಿ. ಎಲ್ಲ ಕೋನಗಳಲ್ಲೂ ಅನಿಲ ಒಂದೇ ಅಳತೆಯಷ್ಟು ಮೇಲೇರಿದರೆ ಕಳ್ಳ ಸಿಕ್ಕಿದ.

ಬೆಳಕಿನ ಕಲಬೆರಕೆ

ಹೊಗೆ ಕೇಂದ್ರದಿಂದ ದೂರವಿದ್ದಾಗ ನಡುವಿನ ಗಾಳಿಯಲ್ಲೇ ಚದುರಿ, ಹೊಗೆಯನ್ನು ಮುಟ್ಟದೆಯೇ ಮಸೂರಕ್ಕೆ ಬರುವ ಬೆಳಕು ಹೆಚ್ಚುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ: ಪಾತ್ರೆ ತುಂಬಿಯೇ ಇರುತ್ತದೆ, ಸತ್ವ ಇಳಿದಿರುತ್ತದೆ. ಗಾಳಿಯ ಅಣುಗಳು ಗಿಡ್ಡ ತರಂಗಾಂತರವನ್ನು ಹೆಚ್ಚು ಚದುರಿಸುವುದರಿಂದ 310ರ ಕಡೆ ಕಲಬೆರಕೆ ಜಾಸ್ತಿ, 330ರ ಕಡೆ ಕಡಿಮೆ. ಮಬ್ಬು, ಮಂಜು ಇದ್ದರೆ ಇನ್ನೂ ಜಾಸ್ತಿ.

ಇದರಿಂದಲೇ ಪರೀಕ್ಷೆಯೂ ಸಿಗುತ್ತದೆ. ಒಂದೇ ರೋಹಿತವನ್ನು ಎರಡು ಕಿಟಕಿಗಳಲ್ಲಿ, ಅಂದರೆ ತರಂಗಾಂತರದ ಎರಡು ತುಂಡುಗಳಲ್ಲಿ, ಫಿಟ್ ಮಾಡಿ: ಒಮ್ಮೆ 310ರಿಂದ 325ರವರೆಗೆ, ಇನ್ನೊಮ್ಮೆ 325ರಿಂದಾಚೆ. ಉತ್ತರಗಳು ಹೊಂದಿದರೆ ನಿಶ್ಚಿಂತೆ. ಗಿಡ್ಡ ತರಂಗಾಂತರದ ಕಿಟಕಿ ಸ್ಪಷ್ಟವಾಗಿ ಕಡಿಮೆ ಹೇಳಿದರೆ ಕಲಬೆರಕೆ ಇದೆ, ಇಲ್ಲವೇ ಅನಿಲ ಎಷ್ಟು ದಟ್ಟವಾಗಿದೆಯೆಂದರೆ ಗಿಡ್ಡ ತರಂಗಾಂತರದ ಬೆಳಕು ಹೊಗೆಯನ್ನು ದಾಟಿ ಬರುತ್ತಲೇ ಇಲ್ಲ. ಎರಡನೆಯದು ಬಹಳ ಮುಖ್ಯ: ಅನಿಲ ವಿಪರೀತ ಹೆಚ್ಚಾದಾಗಲೂ ಲೆಕ್ಕ ಕಡಿಮೆ ಬರಬಹುದು. ಹವಾಯಿಯ ಕಿಲೌಯಾ ಶಿಖರದ ದಟ್ಟ ಹೊಗೆಯಲ್ಲಿ ಮಾಮೂಲಿ ವಿಧಾನ ನಿಜಕ್ಕಿಂತ ಹಲವು ಪಟ್ಟು ಕಡಿಮೆ ತೋರಿಸುತ್ತಿತ್ತು ಎಂಬುದು ಬೆಳಕಿನ ಹಾದಿಯನ್ನು ಸರಿಯಾಗಿ ಗಣನೆಗೆ ತೆಗೆದುಕೊಂಡ ಮೇಲೆಯೇ ಗೊತ್ತಾಯಿತು. 2018ರ ಬೇಸಿಗೆಯಲ್ಲಿ ಅದೇ ಜ್ವಾಲಾಮುಖಿಯ ಪೂರ್ವ ಬಿರುಕು ವಲಯದಿಂದ ದಿನಕ್ಕೆ ಸುಮಾರು 2 ಲಕ್ಷ ಟನ್ ಹೊರಬರುತ್ತಿತ್ತು. ಅಂಥ ಹೊಗೆಯಡಿ 310ರ ಕಿಟಕಿಯನ್ನು ನೆಚ್ಚಿಕೊಂಡರೆ ಕೈಗೆ ಸಿಗುವುದು ಕಸ.

ಕೋನ ಮತ್ತು ಮೋಟಾರು

ಆಮ್ಲದ ಆವಿ, ಮಳೆ, ಬೂದಿ ಸೇರಿ ಮೋಟಾರಿನ ಬೇರಿಂಗ್ ತುಕ್ಕು ಹಿಡಿಯುತ್ತದೆ, ಹೆಜ್ಜೆ ತಪ್ಪುತ್ತದೆ. ಕೇಂದ್ರಕ್ಕೆ ಹೋಗದೆಯೇ ಇದನ್ನು ಪತ್ತೆಮಾಡಬಹುದು. ಪ್ರತಿ ಸ್ಕ್ಯಾನಿನ ಕೊನೆಗೆ ಬೆಟ್ಟದ ಅಂಚು ಅಥವಾ ನೆಲ ಅಡ್ಡ ಬಂದಾಗ ಬೆಳಕು ಥಟ್ಟನೆ ಬೀಳುತ್ತದೆ. ಆ ಬೀಳುವ ಕೋನ ತಿಂಗಳುಗಟ್ಟಲೆ ಒಂದೇ ಇರಬೇಕು. ಅದು ಸರಿದಿದ್ದರೆ ಮೋಟಾರಿನ ಸೊನ್ನೆ ಸರಿದಿದೆ. ದಿನದಿಂದ ದಿನಕ್ಕೆ ಅಲೆದಾಡುತ್ತಿದ್ದರೆ ಬ್ಯಾಟರಿಯ ವೋಲ್ಟೇಜ್ ನೋಡಿ. ಬೂದಿ ಮುಚ್ಚಿದ ಸೋಲಾರ್ ಫಲಕ ಮೋಟಾರನ್ನು ಸೊರಗಿಸುತ್ತದೆ.

ಕೋನ ಸರಿಯಿದ್ದರೆ ಸ್ಕ್ಯಾನಿನ ಆಕಾರ ಗಮನಿಸಿ. ಅನಿಲದ ಗುಡ್ಡೆ ಎರಡೂ ಕಡೆ ಇಳಿದು ಸೊನ್ನೆ ಮುಟ್ಟಬೇಕು. ಗುಡ್ಡೆಯ ಶಿಖರ ಸ್ಕ್ಯಾನಿನ ಅಂಚಿನಲ್ಲೇ ಕತ್ತರಿಸಿಹೋಗಿದ್ದರೆ ಹೊಗೆ ಪಕ್ಕಕ್ಕೆ ಸರಿದಿದೆ, ನಾವು ಅದರ ಬಾಲವನ್ನಷ್ಟೇ ಎಣಿಸುತ್ತಿದ್ದೇವೆ.

ಗಾಳಿ

ಗಾಳಿಯ ವೇಗ ನೇರ ಗುಣಕ. ಅದು ಅರ್ಧವಾದರೆ ಟನ್ನುಗಳೂ ಅರ್ಧ. ಗುಣಿಸುವ ಮುಂಚಿನ ಮೊತ್ತವನ್ನು, ಅಂದರೆ ಹೊಗೆಯ ಅಡ್ಡಕೊಯ್ತದಲ್ಲಿರುವ ಅನಿಲವನ್ನು, ಬೇರೆ ಗ್ರಾಫಾಗಿ ಬಿಡಿಸಿ. ನಿಜವಾದ ಹರಿವು ಸ್ಥಿರವಾಗಿದ್ದು ಗಾಳಿ ನಿಧಾನವಾದರೆ ಹೊಗೆ ದಟ್ಟವಾಗಬೇಕು, ಈ ಮೊತ್ತ ಏರಬೇಕು. ಮೊತ್ತ ಕದಲದೆ ಲೆಕ್ಕದಲ್ಲಿ ಬಳಸಿದ ಗಾಳಿ ಮಾತ್ರ ಇಳಿದಿದ್ದರೆ ಆ ಗಾಳಿಯ ಅಂಕಿಯೇ ತಪ್ಪಿರುವ ಸಂಭವ ಹೆಚ್ಚು. ತಪ್ಪು ಎತ್ತರದ ಗಾಳಿ ತೆಗೆದುಕೊಂಡಿರಬಹುದು, ಹವಾಮಾನ ಮಾದರಿಯ ಫೈಲು ಬಾರದೆ ಹಳೆಯದೇ ಮರುಬಳಕೆಯಾಗಿರಬಹುದು, ಇಲ್ಲವೇ ಕೇಂದ್ರದ ಗಡಿಯಾರ ಸ್ಥಳೀಯ ವೇಳೆಯಲ್ಲಿದ್ದು ಗಾಳಿಯ ಫೈಲು ಜಾಗತಿಕ ವೇಳೆಯಲ್ಲಿರಬಹುದು. ಮೂರನೆಯದು ಕ್ಷುಲ್ಲಕವಾಗಿ ಕಂಡರೂ ಮೊದಲು ಅದನ್ನೇ ನೋಡಿ.

ಹೊಗೆಯ ಎತ್ತರವೂ ಹೀಗೆಯೇ ಕಾಡುತ್ತದೆ. ಕೋನಗಳನ್ನು ಮೀಟರಿಗೆ ಬದಲಿಸುವಾಗ ಎತ್ತರ ಬೇಕು. ಎತ್ತರದಲ್ಲಿ ಶೇ 30 ತಪ್ಪಾದರೆ ಅಗಲದಲ್ಲೂ ಶೇ 30 ತಪ್ಪು. ಎರಡು ಕೇಂದ್ರಗಳು ಒಂದೇ ಹೊಗೆಯನ್ನು ಎರಡು ಬದಿಯಿಂದ ನೋಡುತ್ತಿದ್ದರೆ ತ್ರಿಕೋನದ ಲೆಕ್ಕದಿಂದ ಎತ್ತರ ಸಿಗುತ್ತದೆ. ಹೊಗೆ ಸಾಗುವ ದಾರಿಯಲ್ಲಿ ಹಿಂದೊಂದು ಮುಂದೊಂದು ನೋಟ ಇಟ್ಟರೆ, ಒಂದರಲ್ಲಿ ಕಂಡ ಏರಿಳಿತ ಇನ್ನೊಂದರಲ್ಲಿ ಎಷ್ಟು ಹೊತ್ತಿಗೆ ಕಂಡಿತು ಎಂಬುದರಿಂದ ವೇಗವೂ ಸಿಗುತ್ತದೆ.

ಯಂತ್ರ ಸರಿಯಿದ್ದರೆ

ಇಷ್ಟೆಲ್ಲ ನೋಡಿಯೂ ಲೆಕ್ಕ ಕೆಳಗೇ ಇದ್ದರೆ ಇಳಿಕೆ ಬೆಟ್ಟದ್ದು. ಆಗಲೂ ಅರ್ಥ ಒಂದೇ ಅಲ್ಲ. ಶಿಲಾಪಾಕದ ಅನಿಲ ತೀರುತ್ತಾ ಬಂದಿರಬಹುದು. ನಾಳ ಮುಚ್ಚಿಕೊಂಡಿರಬಹುದು. ಅಂತರ್ಜಲ ಅಥವಾ ಕುಳಿಯ ಕೆರೆ ಗಂಧಕವನ್ನು ಕರಗಿಸಿಕೊಳ್ಳುತ್ತಿರಬಹುದು. ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕಾರ್ಬನ್ ಡೈಆಕ್ಸೈಡ್ ಅಷ್ಟಾಗಿ ಕರಗುವುದಿಲ್ಲ. ಅದಕ್ಕೇ ಕುಳಿಯಂಚಿನ ಅನಿಲ ಸಂವೇದಕಗಳಲ್ಲಿ ಇವೆರಡರ ಅನುಪಾತ ಹೇಗಿದೆ ಎಂದು ಕೇಳಬೇಕು. ಜೊತೆಗೆ ಭೂಕಂಪನ ವಿಭಾಗದವರನ್ನು, ನೆಲದ ಉಬ್ಬರ ಅಳೆಯುವವರನ್ನು ಅದೇ ದಿನ ವಿಚಾರಿಸಿ.

ದೊಡ್ಡ ಹರಿವಾದರೆ ಉಪಗ್ರಹದ ಸಾಕ್ಷಿಯೂ ಇದೆ. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣ ಸ್ಥಳೀಯ ವೇಳೆ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಹಾದುಹೋಗುತ್ತದೆ. ಅಂಡಮಾನಿನ ಬ್ಯಾರೆನ್ ದ್ವೀಪದಂಥ ನಿರ್ಜನ ಜ್ವಾಲಾಮುಖಿಗಳ ಮೇಲೆ ಕಣ್ಣಿಡಲು ಇಂಥ ನೋಟವೇ ಹೆಚ್ಚು ಅನುಕೂಲ. ಆದರೆ ತಗ್ಗಿನಲ್ಲಿ ಹರಿಯುವ ತೆಳು ಹೊಗೆ, ಮೋಡದಡಿಯ ಹೊಗೆ ಉಪಗ್ರಹಕ್ಕೆ ಕಾಣದೇ ಹೋಗಬಹುದು. ಅದರಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಅನಿಲ ಇಲ್ಲ ಎನ್ನಬೇಡಿ.

ವರದಿಯಲ್ಲಿ ಟನ್ನುಗಳ ಜೊತೆಗೆ ಬಳಸಿದ ಗಾಳಿಯ ವೇಗ, ಅದರ ಮೂಲ, ಹೊಗೆಯ ಎತ್ತರ, ಎರಡೂ ಕಿಟಕಿಗಳ ಉತ್ತರ, ಆಧಾರ ರೋಹಿತದ ದಿನಾಂಕ ಇಷ್ಟನ್ನೂ ಬರೆಯಿರಿ. ಅನುಮಾನದ ಸ್ಕ್ಯಾನುಗಳಿಗೆ ಗುರುತು ಹಾಕಿ ಹಾಗೇ ಇಡಿ, ಸರಾಸರಿಯಿಂದ ತುಂಬಬೇಡಿ. ಗಾಳಿಯ ಮಾಹಿತಿ ಆಮೇಲೆ ತಿದ್ದುಪಡಿಯಾಗಿ ಬಂದರೆ ಹಳೆಯ ಫಲಿತಾಂಶವನ್ನು ಅಳಿಸದೆ ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸಿ.